ಮುದಿ ಮೋಟಾರಿನ ಮರುಹುಟ್ಟು

ಬೆಂಗಳೂರಿನಿಂದ ಶಿರಾಡಿ ಘಾಟಿಯನ್ನಿಳಿದು ಬರುವ ಯಾತ್ರಿಕರು ಪೆರಿಯಶಾಂತಿಯಲ್ಲಿ ಬಲಕ್ಕೆ ಹೊರಳಿ, ಕೊಕ್ಕಡದ ಮಾರ್ಗವಾಗಿ ಧರ್ಮಸ್ಥಳವನ್ನು ಸೇರುವುದು ರೂಢಿ. ಗುಡಿಗೋಪುರಗಳ ಹಂಗಿಲ್ಲದೆ ಬಯಲಿನಲ್ಲಿಯೇ ನೆಲೆಸಿರುವ ಸೌತಡ್ಕದ ಗಣಪತಿಗೆ ನಡುದಾರಿಯಲ್ಲಿ ಕೈಮುಗಿದು, ಮುಂದೆ ಮಂಜುನಾಥನ ದರ್ಶನ ಪಡೆದು, ಅನ್ನಪೂರ್ಣ ಛತ್ರದಲ್ಲಿ ಪ್ರಸಾದ ಸ್ವೀಕರಿಸಿದ ಮೇಲೆ, ಊರಿಗೆ ಮರಳುವ ಮುನ್ನ ಒಂದೆರಡು ಗಂಟೆಯ ಬಿಡುವು ದೊರೆಯುತ್ತದೆ. ಆ ಬಿಡುವಿನಲ್ಲಿ ಅನೇಕರು ಕಾಣಲು ಹೋಗುವುದು ಧರ್ಮಾಧಿಕಾರಿ ಡಾ. ವೀರೇಂದ್ರ ಹೆಗ್ಗಡೆಯವರು ಕಟ್ಟಿ ಬೆಳೆಸಿದ ಸಂಗ್ರಹವನ್ನು. ತಾಳೆಗರಿ, ವಿಗ್ರಹ, ನಾಣ್ಯ, ಗಡಿಯಾರಗಳಿಗೆ ಮಂಜೂಷಾ ವಸ್ತು ಸಂಗ್ರಹಾಲಯ ಮನೆಯಾದರೆ, ಕಾಲ ಕಳೆದ ಮೋಟಾರು ಕಾರುಗಳಿಗೂ ಇಲ್ಲಿ ಪ್ರತ್ಯೇಕವಾದ ಆಶ್ರಯವುಂಟು.

ಸಾಲಾಗಿ ನಿಂತ ಆ ಕಾರುಗಳ ನಡುವೆ ನೋಡುಗರು ಹೆಚ್ಚು ಹೊತ್ತು ನಿಲ್ಲುವುದು ಅಮೆರಿಕದ ಒಂದು ಸ್ಟೂಡಿಬೇಕರ್ ಪ್ರೆಸಿಡೆಂಟ್ ಕಾರಿನ ಮುಂದೆ. ಗಾಂಧೀಜಿ ತಮ್ಮ ಕರ್ನಾಟಕ ಪ್ರವಾಸದಲ್ಲಿ ಬಳಸಿದ ಕಾರು ಇದೆಂದು ಪ್ರತೀತಿ. ಯಂತ್ರ ನಾಗರಿಕತೆಯನ್ನು ಸಂಶಯದಿಂದ ಕಂಡ ಮಹಾತ್ಮರಿಗೂ ಹಳ್ಳಿ ಹಳ್ಳಿಯನ್ನು ತಲುಪಲು ಮೋಟಾರು ಬೇಕಾಯಿತು. ಇದನ್ನು ತಯಾರಿಸಿದ ಕಂಪನಿಯ ಕಥೆಯೂ ಸ್ವಾರಸ್ಯವಾದದ್ದೇ. ಇಂಡಿಯಾನ ಪ್ರಾಂತದ ಸೌತ್ ಬೆಂಡ್ ಎಂಬ ಊರಿನಲ್ಲಿ 1852ರಲ್ಲಿ ಕಮ್ಮಾರಸಾಲೆ ತೆರೆದ ಸೋದರರು ಮೊದಲು ಮಾಡುತ್ತಿದ್ದುದು ಕುದುರೆ ಎಳೆಯುವ ಬಂಡಿಗಳನ್ನು. ಬಂಡಿಯಿಂದ ಮೋಟಾರಿಗೆ ಬಂದ ಆ ಮನೆತನದ ಹೆಸರಿನ ಕಾರು 1966ರಲ್ಲಿ ತಯಾರಿಕೆಯನ್ನೇ ನಿಲ್ಲಿಸಿತು. ಹೆತ್ತ ಕಾರ್ಖಾನೆ ಮುಚ್ಚಿಹೋಗಿ ಅರ್ಧ ಶತಮಾನ ಸಂದಿದ್ದರೂ ಮಗುವಿನ್ನೂ ತುಳುನಾಡಿನ ನೆರಳಿನಲ್ಲಿ ನಿಂತಿದೆ.

ಇಂಥ ಕಾರುಗಳು ಕಡಲಾಚೆಯಿಂದ ಇಲ್ಲಿಗೆ ಬಂದುದು ಹೇಗೆ? ಅವು ಉಳಿದುದು ಹೇಗೆ? ಮುಂದೆ ಅವುಗಳ ಗತಿಯೇನು? ಧೂಳಿಲ್ಲದಂತೆ ಒರೆಸಿಟ್ಟ ಆ ಮಡ್‌ಗಾರ್ಡುಗಳ ಹಿಂದೆ ಈ ಮೂರು ಪ್ರಶ್ನೆಗಳು ಅಡಗಿವೆ.

ಒಂದೇ ತವರು, ಎರಡು ನಾಡು

ರಸ್ತೆಯ ಎಡಬದಿಯಲ್ಲಿ ಸಂಚರಿಸುವ ನಮ್ಮ ದೇಶಕ್ಕೆ ಚಾಲಕನ ಚಕ್ರ ಬಲಗಡೆಗಿರುವ ಕಾರು ಬೇಕು. ಅಮೆರಿಕದ ಕಾರುಗಳಿಗೆ ಅದು ಎಡಗಡೆಗೆ. ಈ ತೊಡಕನ್ನು ಬಿಡಿಸಿದ್ದು ಕೆನಡ ದೇಶ. ಬ್ರಿಟನ್ನನ್ನು ಬಿಟ್ಟು ಬ್ರಿಟಿಷ್ ಸಾಮ್ರಾಜ್ಯದ ಉಳಿದ ಭಾಗಗಳಿಗೆ ಫೋರ್ಡ್ ಕಾರುಗಳನ್ನು ಒದಗಿಸುವ ಹಕ್ಕನ್ನು 1904ರಲ್ಲಿ ಹುಟ್ಟಿದ ಕೆನಡದ ಫೋರ್ಡ್ ಕಂಪನಿ ಪಡೆದಿತ್ತು. ಹೀಗಾಗಿ ಒಂದೇ ತವರಿನಿಂದ ಹೊರಟ ಕಾರುಗಳಲ್ಲಿ ಕೆಲವು ಆಸ್ಟ್ರೇಲಿಯದ ಬಂದರಿನಲ್ಲಿಯೂ ಕೆಲವು ಮುಂಬಯಿ, ಮದರಾಸುಗಳಲ್ಲಿಯೂ ಇಳಿದವು. ಆಸ್ಟ್ರೇಲಿಯದ ಜೀಲಾಂಗಿನಲ್ಲಿ 1925ರಲ್ಲಿ ಫೋರ್ಡ್ ಕಾರುಗಳ ಜೋಡಣೆ ಆರಂಭವಾಯಿತು. ಮುಂಬಯಿಯಲ್ಲಿ ಜನರಲ್ ಮೋಟರ್ಸ್ 1928ರಲ್ಲಿ ತನ್ನ ಜೋಡಣೆಯ ಕಾರ್ಖಾನೆಯನ್ನು ತೆರೆಯಿತು. ಅಂದು ಮದರಾಸು ಪ್ರಾಂತಕ್ಕೆ ಸೇರಿದ್ದ ದಕ್ಷಿಣ ಕನ್ನಡ ಜಿಲ್ಲೆಗೆ ಮೋಟಾರು ಹೊಸದೇನಾಗಿರಲಿಲ್ಲ. ಮಂಗಳೂರಿನ ಕೆನರಾ ಪಬ್ಲಿಕ್ ಕನ್ವೇಯನ್ಸ್ ಕಂಪನಿ 1914ರಷ್ಟು ಹಿಂದೆಯೇ ಜನಸಂಚಾರಕ್ಕೆ ಮೋಟಾರುಗಳನ್ನು ಇಳಿಸಿತ್ತು.

ಅಮೆರಿಕದ ಗಾಡಿಗೆ ಇಲ್ಲಿ ಮರ್ಯಾದೆ ದೊರೆತುದು ಅದರ ಥಳಕಿಗಾಗಿ ಮಾತ್ರವಲ್ಲ. ಡಾಂಬರು ಕಾಣದ ಅಲ್ಲಿಯ ಹಳ್ಳಿದಾರಿಗಳಿಗೆಂದು ನೆಲದಿಂದ ಎತ್ತರಿಸಿ ಕಟ್ಟಿದ ಚಾಸಿ, ಬಾಗಿದರೂ ಮುರಿಯದ ಸ್ಪ್ರಿಂಗು, ಏರುಮಾರ್ಗದಲ್ಲಿ ಉಸಿರು ಬಿಡದ ದೊಡ್ಡ ಎಂಜಿನ್ನು, ಇವೆಲ್ಲ ಘಟ್ಟದ ತಪ್ಪಲಿನ ಕಲ್ಲುದಾರಿಗೂ ಒಪ್ಪಿದವು.

ಅಲ್ಲಿ ಆಟ, ಇಲ್ಲಿ ಊಟ

ಅಮೆರಿಕದ ಕ್ಯಾಲಿಫೋರ್ನಿಯದಲ್ಲಿ 1930ರ ದಶಕದ ತರುಣರು ಮುದಿ ಫೋರ್ಡುಗಳನ್ನು ಅಗ್ಗದ ಬೆಲೆಗೆ ಕೊಂಡು ಒಂದು ಹೊಸ ಹುಚ್ಚನ್ನು ಹಚ್ಚಿಕೊಂಡರು. ಮಡ್‌ಗಾರ್ಡು ಕಳಚಿದರು, ತಲೆಯ ಮೇಲಿನ ಮುಚ್ಚಿಗೆಯನ್ನು ಕತ್ತರಿಸಿ ತಗ್ಗಿಸಿದರು, ಭಾರವೆನಿಸಿದುದನ್ನೆಲ್ಲ ಕಿತ್ತೆಸೆದರು. 1932ರಲ್ಲಿ ಫೋರ್ಡ್ ಕಂಪನಿ ಸಾಮಾನ್ಯರ ಕೈಗೆಟಕುವ ಬೆಲೆಗೆ ಎಂಟು ಸಿಲಿಂಡರಿನ, 65 ಅಶ್ವಶಕ್ತಿಯ ಎಂಜಿನ್ನನ್ನು ಕೊಟ್ಟಾಗ ಈ ಹುಚ್ಚಿಗೆ ರೆಕ್ಕೆ ಮೂಡಿತು. ಭಾರ ತಗ್ಗಿದಷ್ಟೂ, ಬಲ ಹೆಚ್ಚಿದಷ್ಟೂ ಓಟ ಬಿರುಸಾಗುವುದು ಸರಳವಾದ ಲೆಕ್ಕ. ಒಣಗಿದ ಸರೋವರಗಳ ಚಪ್ಪಟೆ ನೆಲದ ಮೇಲೆ ಆ ಗಾಡಿಗಳ ಪಂದ್ಯಗಳು ನಡೆದವು. ಇಂಥ ಗಾಡಿಗೆ ಬಿದ್ದ ಹೆಸರು ‘ಹಾಟ್ ರಾಡ್’.

ಈ ಹವ್ಯಾಸ ಕಡಲು ದಾಟಿ ಆಸ್ಟ್ರೇಲಿಯದಲ್ಲಿ ಬೇರುಬಿಟ್ಟಿತು. ಅಲ್ಲಿಯ ರಾಜಧಾನಿ ಕ್ಯಾನ್‌ಬೆರದಲ್ಲಿ 1988ರಿಂದ ನಡೆದುಬಂದಿರುವ ‘ಸಮ್ಮರ್‌ನ್ಯಾಟ್ಸ್’ ಎಂಬ ಮೋಟಾರು ಜಾತ್ರೆ ಪ್ರಸಿದ್ಧವಾದುದು. ನಮ್ಮ ಕಂಬಳಕ್ಕೆ ಕೋಣಗಳನ್ನು ಸಾಕಿ, ತೊಳೆದು, ಎಣ್ಣೆಯುಜ್ಜಿ ತರುವಂತೆ, ಅಲ್ಲಿಯವರು ವರ್ಷಗಟ್ಟಲೆ ಅಕ್ಕರೆಯಿಂದ ತಿದ್ದಿದ ಕಾರುಗಳನ್ನು ಇಂಥ ಕೂಟಗಳಿಗೆ ತರುತ್ತಾರೆ. 1948 ಅಥವಾ ಅದಕ್ಕೂ ಹಿಂದಿನ ಮಾದರಿಯ ಕಾರಿಗೆ ಹೊಸ ಎಂಜಿನ್ನು, ಹೊಸ ಬ್ರೇಕುಗಳನ್ನು ಕೂರಿಸಿದರೆ ಅದು ಅಲ್ಲಿ ‘ಸ್ಟ್ರೀಟ್ ರಾಡ್’ ಎನಿಸುತ್ತದೆ. ಅದಕ್ಕೆಂದೇ ಸರ್ಕಾರದ ನಿಯಮಾವಳಿಯಿದೆ. ಬಲ್ಲವರು ಪರೀಕ್ಷಿಸಿ ಒಪ್ಪಿದರೆ ಗಾಡಿ ರಸ್ತೆಗಿಳಿಯಬಹುದು.

ನಮ್ಮ ನಾಡಿನಲ್ಲಿಯೂ ಅಮೆರಿಕದ ಕಾರುಗಳ ಎಂಜಿನ್ನು ಬದಲಾಯಿತು, ಮೈ ಬದಲಾಯಿತು. ಆದರೆ ಓಟದ ಸಂಭ್ರಮಕ್ಕಾಗಿ ಅಲ್ಲ, ಹೊಟ್ಟೆಪಾಡಿಗಾಗಿ.

ಎರಡನೆಯ ಮಹಾಯುದ್ಧದ ಕಾಲದಲ್ಲಿ ಪೆಟ್ರೋಲಿಗೆ ಪಡಿತರ ಬಂದಾಗ ಬಸ್ಸುಗಳ ಹಿಂಬದಿಗೆ ದೊಡ್ಡ ಪೀಪಾಯಿಗಳು ಅಂಟಿಕೊಂಡವು. ಅದರೊಳಗೆ ಇದ್ದಿಲು ತುಂಬಿ, ಗಾಳಿಯನ್ನು ಮಿತಗೊಳಿಸಿ ಉರಿಸಿದರೆ ಉರಿಯಬಲ್ಲ ಅನಿಲವೊಂದು ಹುಟ್ಟುತ್ತದೆ. ಅದನ್ನು ತಣಿಸಿ, ಸೋಸಿ, ಎಂಜಿನ್ನಿಗೆ ಉಣಿಸುತ್ತಿದ್ದರು. ಹೊರಡುವ ಮೊದಲು ತಿದಿ ತಿರುಗಿಸಿ ಕೆಂಡವನ್ನು ಎಬ್ಬಿಸಬೇಕು. ಎಂಜಿನ್ನಿನ ಬಲವಾದರೋ ಬಹಳವಾಗಿ ಕುಗ್ಗುತ್ತಿತ್ತು. ಏರು ಬಂದಲ್ಲಿ ಪ್ರಯಾಣಿಕರು ಇಳಿದು ನಡೆಯುವುದು, ಸಾಲದಿದ್ದರೆ ಹೆಗಲು ಕೊಟ್ಟು ನೂಕುವುದು ಅಂದಿನ ಪ್ರಯಾಣದ ಭಾಗವೇ ಆಗಿತ್ತು. ವೇಗವನ್ನು ಕಳೆದುಕೊಂಡು ಜೀವವನ್ನು ಉಳಿಸಿಕೊಂಡ ಈ ಗಾಡಿಗಳು ಹಾಟ್ ರಾಡಿನ ತದ್ವಿರುದ್ಧ ರೂಪಗಳು.

ಕೈತಪ್ಪಿದ ಕಾರ್ಖಾನೆ

ಅಮೆರಿಕದ ಕಾರು ಕನ್ನಡನಾಡಿನಲ್ಲಿಯೇ ತಯಾರಾಗಬಹುದಾಗಿದ್ದ ಒಂದು ಘಳಿಗೆಯೂ ಇತಿಹಾಸದಲ್ಲಿ ಬಂದುಹೋಯಿತು. ಸರ್ ಎಂ. ವಿಶ್ವೇಶ್ವರಯ್ಯನವರು 1935ರಲ್ಲಿ ಯೂರೋಪು, ಅಮೆರಿಕಗಳ ಮೋಟಾರು ಕಾರ್ಖಾನೆಗಳನ್ನು ಸುತ್ತಿ ನೋಡಿ, ಭಾರತದಲ್ಲಿ ಅಂಥದೊಂದನ್ನು ಸ್ಥಾಪಿಸುವ ಯೋಜನೆಯನ್ನು ಸಿದ್ಧಪಡಿಸಿದರು. ಉದ್ಯಮಿ ವಾಲ್‌ಚಂದ್ ಹೀರಾಚಂದರು ಅದಕ್ಕೆ ಜೊತೆಗೂಡಿದರು. ಅಮೆರಿಕದ ಕ್ರೈಸ್ಲರ್ ಕಂಪನಿಯೊಡನೆ ಮಾತುಕತೆ ನಡೆಯಿತು. ಮೈಸೂರು ಸಂಸ್ಥಾನ ಆಸಕ್ತಿ ತೋರಿತು. ಬ್ರಿಟಿಷ್ ಸರ್ಕಾರದ ಒಪ್ಪಿಗೆ ಮಾತ್ರ ಬರಲಿಲ್ಲ. ಕೊನೆಗೆ ವಾಲ್‌ಚಂದರು 1944ರಲ್ಲಿ ಮುಂಬಯಿಯಲ್ಲಿ ಪ್ರೀಮಿಯರ್ ಆಟೋಮೊಬೈಲ್ಸ್ ಕಂಪನಿಯನ್ನು ಸ್ಥಾಪಿಸಿದರು. ಕ್ರೈಸ್ಲರ್ ಬಳಗದ ಡಾಡ್ಜ್, ಪ್ಲೈಮತ್, ಡಿಸೋಟೊ ಕಾರುಗಳೂ ಫಾರ್ಗೋ ಲಾರಿಗಳೂ ಅಲ್ಲಿಂದ ಹೊರಬಂದವು.

ಈ ವೈಭವ ಹೆಚ್ಚು ದಿನ ಬಾಳಲಿಲ್ಲ. ಬಿಡಿಭಾಗಗಳನ್ನು ತಂದು ಬರಿದೇ ಜೋಡಿಸುವುದನ್ನು ಬಿಟ್ಟು ಇಲ್ಲಿಯೇ ತಯಾರಿಸಬೇಕು, ಒಲ್ಲದವರು ಅಂಗಡಿ ಮುಚ್ಚಬೇಕು ಎಂಬ ನೀತಿಯನ್ನು ಭಾರತ ಸರ್ಕಾರ 1953ರಲ್ಲಿ ಅಂಗೀಕರಿಸಿತು. ದೇಶದ ಕೈಗಾರಿಕೆಗೆ ಅದು ಹಿತವಾಗಿತ್ತು. ಜನರಲ್ ಮೋಟರ್ಸ್ ಮತ್ತು ಫೋರ್ಡ್ ಕಂಪನಿಗಳು 1954ರ ಹೊತ್ತಿಗೆ ಬಾಗಿಲೆಳೆದುಕೊಂಡು ನಡೆದವು. ಅವು ಮಾರಿದ ಕಾರುಗಳು ಇಲ್ಲಿಯೇ ಉಳಿದವು, ತವರಿನ ಸಂಬಂಧ ಕಡಿದ ಸೊಸೆಯರಂತೆ.

ಅಲ್ಲಿಂದ ಮುಂದಿನ ಅವುಗಳ ಆಯುಸ್ಸು ಗ್ಯಾರೇಜಿನ ಮೇಸ್ತ್ರಿಗಳು ಎರೆದ ಭಿಕ್ಷೆ. ಒಡೆದ ಗಿಯರ್ ಚಕ್ರಕ್ಕೆ ಬದಲಿಯಿಲ್ಲ, ಲೇತಿನಲ್ಲಿ ಕಡೆದು ಮಾಡಿದರು. ಸವೆದ ಬೇರಿಂಗಿಗೆ ಲೋಹ ಕರಗಿಸಿ ಹೊಯ್ದರು. ಬೇರೆ ಗಾಡಿಯ ಕಾರ್ಬುರೇಟರನ್ನು ತಂದು ಕೂರಿಸಿದರು. ಲೀಟರಿಗೆ ಐದಾರು ಕಿಲೋಮೀಟರ್ ಮಾತ್ರ ಓಡುವ ಭಾರಿ ಎಂಜಿನ್ನುಗಳು 1973ರ ಎಣ್ಣೆಯ ಬಿಕ್ಕಟ್ಟಿನ ಬಳಿಕ ಯಾರಿಗೂ ಬೇಡವಾದವು. ಆಗ ಎಷ್ಟೋ ಕಾರುಗಳ ಒಡಲಿಗೆ ಡೀಸೆಲ್ ಎಂಜಿನ್ನುಗಳು ಸೇರಿದವು. ಕಾರು ಗಡಗಡಿಸಿತು, ಹೊಗೆಯುಗುಳಿತು, ಆದರೆ ಬಾಡಿಗೆ ದುಡಿದು ಸಂಸಾರಗಳನ್ನು ಸಾಕಿತು.

ಅಮೆರಿಕದ ಸಂತಾನದಲ್ಲಿ ಈ ನೆಲದವನೇ ಆಗಿಹೋದವನು ಜೀಪು. ಅಮೆರಿಕದ ವಿಲ್ಲಿಸ್ ಕಂಪನಿ ಯುದ್ಧಕ್ಕಾಗಿ ತಯಾರಿಸಿದ ಆ ಗಾಡಿಯನ್ನು ಮಹೀಂದ್ರ ಕಂಪನಿ 1940ರ ದಶಕದ ಕೊನೆಯಲ್ಲಿ ಮುಂಬಯಿಯಲ್ಲಿ ಜೋಡಿಸತೊಡಗಿ, ಕ್ರಮೇಣ ಇಲ್ಲಿಯೇ ತಯಾರಿಸಿತು. ಬಸ್ಸು ಹೋಗದ ಬೆಳ್ತಂಗಡಿ ಸೀಮೆಯ ಮೂಲೆಗಳಿಗೆ ಜನರನ್ನೂ ಅಡಿಕೆಯ ಮೂಟೆಗಳನ್ನೂ ಹೊತ್ತದ್ದು ಜೀಪೇ. ಅದನ್ನು ವಿದೇಶಿಯೆಂದು ಯಾರೂ ಎಣಿಸಲಿಲ್ಲ.

ಅಸಲು ಯಾವುದು?

ಉಪಯೋಗ ಮುಗಿದ ಮೇಲೆ ಆದರ ಹುಟ್ಟುವುದು ಲೋಕರೂಢಿ. ಸ್ಟೇಟ್ಸ್‌ಮನ್ ಪತ್ರಿಕೆಯ ಆಶ್ರಯದಲ್ಲಿ ದೆಹಲಿಯಲ್ಲಿ 1964ರಲ್ಲಿ ಹಳೆಯ ಕಾರುಗಳ ಮೆರವಣಿಗೆ ಆರಂಭವಾದಂದಿನಿಂದ ಅವುಗಳ ಬೆಲೆ ಏರಿತು. ಅದರೊಂದಿಗೆ ‘ಅಸಲು’ ಎಂಬ ಮಾತಿಗೂ ಬೆಲೆ ಬಂದಿತು. ಕಾರ್ಖಾನೆಯಿಂದ ಹೇಗೆ ಹೊರಟಿತೋ ಹಾಗೆಯೇ ಇರುವ ಕಾರು ಶ್ರೇಷ್ಠ, ಬದಲಾದದ್ದು ಕನಿಷ್ಠ.

ಕಾನೂನೂ ಈ ದೃಷ್ಟಿಗೇ ಮುದ್ರೆಯೊತ್ತಿದೆ. ತಯಾರಕರು ನಿಗದಿಪಡಿಸಿದ ರೂಪಕ್ಕೆ ವಿರುದ್ಧವಾಗಿ ವಾಹನವನ್ನು ಮಾರ್ಪಡಿಸಕೂಡದೆಂದು ಸುಪ್ರೀಂ ಕೋರ್ಟು 2019ರ ಜನವರಿಯಲ್ಲಿ ತೀರ್ಪಿತ್ತಿತು. ಬಳಿಕ 2021ರ ಜುಲೈಯಲ್ಲಿ ಕೇಂದ್ರ ಸರ್ಕಾರ ಹಳೆಯ ವಾಹನಗಳಿಗೆಂದೇ ನಿಯಮಗಳನ್ನು ಪ್ರಕಟಿಸಿತು. ಅವುಗಳ ಪ್ರಕಾರ ಐವತ್ತು ವರ್ಷ ದಾಟಿ, ಚಾಸಿ, ಮೈಗೂಡು ಮತ್ತು ಎಂಜಿನ್ನುಗಳಲ್ಲಿ ಗಣನೀಯ ಮಾರ್ಪಾಡಿಲ್ಲದೆ ಉಳಿದ ಗಾಡಿಗೆ ‘ವಿ.ಎ.’ ಎಂಬ ಅಕ್ಷರಗಳಿರುವ ವಿಶೇಷ ಸಂಖ್ಯಾಫಲಕ. ಹೊಸ ನೋಂದಣಿಗೆ 20,000 ರೂಪಾಯಿ ಶುಲ್ಕ, ಹತ್ತು ವರ್ಷಗಳ ಅವಧಿ, ಮರುನೋಂದಣಿಗೆ 5,000 ರೂಪಾಯಿ. ಪ್ರದರ್ಶನ, ಮೆರವಣಿಗೆ, ಸಂಶೋಧನೆ, ಇಂಧನ, ದುರಸ್ತಿ ಇವುಗಳ ಸಲುವಾಗಿ ಮಾತ್ರ ಅದು ರಸ್ತೆಗಿಳಿಯಬಹುದು.

ನಿಯಮ ನ್ಯಾಯವಾದುದೇ. ಬ್ರೇಕು ಬಲವಿಲ್ಲದ ಗಾಡಿಗೆ ಬಿರುಸಿನ ಎಂಜಿನ್ನು ಕಟ್ಟಿ ಜನಸಂದಣಿಯಲ್ಲಿ ನುಗ್ಗಿಸುವುದನ್ನು ಯಾರೂ ಮೆಚ್ಚಲಾರರು. ಚರಿತ್ರೆಯ ಸಾಕ್ಷ್ಯವಾಗಿ ಉಳಿಯಬೇಕಾದ ಕಾರನ್ನು ಮನಬಂದಂತೆ ಕತ್ತರಿಸುವುದೂ ಸಲ್ಲದು. ಆದರೆ ಬಡತನದಲ್ಲಿ ಎಂಜಿನ್ನು ಬದಲಿಸಿಕೊಂಡು ಮೂವತ್ತು ವರ್ಷ ದುಡಿದ ಡಾಡ್ಜ್ ಕಾರಿಗೆ ಈ ಲೆಕ್ಕದಲ್ಲಿ ಯಾವ ಸ್ಥಾನ? ಅದು ಅಸಲೂ ಅಲ್ಲ, ಹವ್ಯಾಸಿಯ ಆಟಿಕೆಯೂ ಅಲ್ಲ. ಆಸ್ಟ್ರೇಲಿಯದಲ್ಲಿ ಹೊಸ ಎಂಜಿನ್ನಿನ ಹಳೆಯ ಕಾರಿಗೆ ಪರೀಕ್ಷೆಯೊಂದರ ಮೂಲಕ ರಸ್ತೆಯ ಬಾಗಿಲು ತೆರೆದಿದೆ. ಇಲ್ಲಿ ವಿಶೇಷ ಫಲಕದ ಬಾಗಿಲು ಅದಕ್ಕೆ ಮುಚ್ಚಿದೆ. ಮೂಲ ಎಂಜಿನ್ನು ಸಿಕ್ಕದಿದ್ದರೆ ಗುಜರಿಯೇ ಅದರ ಗತಿ. ಅದರೊಂದಿಗೆ ಈ ದೇಶದ ಮೇಸ್ತ್ರಿಗಳ ಕೈಚಳಕದ ಸಾಕ್ಷ್ಯವೂ ತೂಕಕ್ಕೆ ಹೋಗುತ್ತದೆ. ವಿದೇಶದ ಕಾರ್ಖಾನೆ ಮಾಡಿದುದು ಚರಿತ್ರೆಯಾದರೆ, ಹಳ್ಳಿಯ ಗ್ಯಾರೇಜು ಮಾಡಿದುದೂ ಚರಿತ್ರೆಯಲ್ಲವೇ?

ಕಾಪಾಡುವ ಕೈಗಳು

ಸಂಗ್ರಹಾಲಯದ ಕಾರಿಗೂ ಕೈಗಳ ಆರೈಕೆ ತಪ್ಪಿದ್ದಲ್ಲ. ಘಟ್ಟದಡಿಯ ಈ ಸೀಮೆಯಲ್ಲಿ ಮಳೆಗಾಲ ನಾಲ್ಕು ತಿಂಗಳು. ತೇವದ ಗಾಳಿಗೆ ಕಬ್ಬಿಣ ತುಕ್ಕು ಹಿಡಿಯುತ್ತದೆ. ಹಳೆಯ ಕಾರುಗಳ ತಗಡಿನ ಒಳಗೆ ಮರದ ಚೌಕಟ್ಟು ಇರುವುದುಂಟು, ಅದಕ್ಕೆ ಗೆದ್ದಲಿನ ಭಯ. ನಿಂತಲ್ಲೇ ನಿಂತರೆ ಟೈರು ಒಂದೇ ಕಡೆ ಚಪ್ಪಟೆಯಾಗುತ್ತದೆ, ಪೆಟ್ರೋಲು ಅಂಟಾಗಿ ಕೊಳವೆಯನ್ನು ಕಟ್ಟುತ್ತದೆ, ಬ್ರೇಕಿನ ಸಿಲಿಂಡರು ಬಿಗಿದುಕೊಳ್ಳುತ್ತದೆ. ಆಗಾಗ ಎಂಜಿನ್ನನ್ನು ಎಬ್ಬಿಸಿ ಓಡಿಸದಿದ್ದರೆ ಕಾರು ಬರಿಯ ಬೊಂಬೆಯಾಗುತ್ತದೆ.

ಎಬ್ಬಿಸುವ ವಿದ್ಯೆಯಾದರೋ ಪುಸ್ತಕದಲ್ಲಿ ಪೂರ್ತಿಯಾಗಿ ಸಿಕ್ಕುವುದಿಲ್ಲ. ಕಂಪ್ಯೂಟರ್ ಜೋಡಿಸಿ ದೋಷ ಕಂಡುಹಿಡಿಯುವ ಈ ಕಾಲದ ತರುಣನಿಗೆ, ಎಂಜಿನ್ನಿನ ಸದ್ದಿಗೆ ಕಿವಿಗೊಟ್ಟು ರೋಗ ಹೇಳುತ್ತಿದ್ದ ಮುದಿ ಮೇಸ್ತ್ರಿಯ ನಾಡಿಜ್ಞಾನ ಸುಲಭವಾಗಿ ದಕ್ಕುವಂಥದಲ್ಲ. ಹ್ಯಾಂಡಲ್ ತಿರುಗಿಸುವಾಗ ಹೆಬ್ಬೆರಳನ್ನು ಎಲ್ಲಿಡಬೇಕೆಂಬ ಎಚ್ಚರವೂ ಗುರುಮುಖದಿಂದಲೇ ಬಂದದ್ದು. ಎಂಜಿನ್ನು ಹಿಮ್ಮೊಗವಾಗಿ ಒದೆದರೆ ಬೆರಳೇ ಮುರಿದೀತು! ಕಾರುಗಳನ್ನು ಕೂಡಿಡುವಷ್ಟೇ ಆಸ್ಥೆಯಿಂದ ಈ ವಿದ್ಯೆಯನ್ನೂ ಬರೆದಿಡುವ, ಹೊಸಬರಿಗೆ ಕಲಿಸುವ ಕೆಲಸ ನಡೆಯಬೇಕು. ಕೈಗಾರಿಕಾ ತರಬೇತಿ ಶಾಲೆಗಳಿಗೆ ಇದಕ್ಕಿಂತ ಒಳ್ಳೆಯ ಪಾಠ ಬೇರೊಂದಿರಲಾರದು.

ಯಾತ್ರೆಗೆ ಬಂದ ಹಳ್ಳಿಯ ಮಕ್ಕಳು ಆ ದೊಡ್ಡ ದೀಪಗಳ ಹೊಳಪಿನಲ್ಲಿ ತಮ್ಮ ಮುಖ ಕಂಡು ನಗುತ್ತಾರೆ. ಆ ಹೊಳಪಿನ ಹಿಂದೆ ದೂರದೇಶದ ಕಮ್ಮಾರರೂ ಇದ್ದಾರೆ, ಇದ್ದಿಲು ತುಂಬಿದ ಕೂಲಿಗಳೂ ಇದ್ದಾರೆ, ಎಣ್ಣೆಗೈಯ ಮೇಸ್ತ್ರಿಗಳೂ ಇದ್ದಾರೆ. ಕಾರಿನ ಪಕ್ಕದ ಫಲಕಗಳ ಮೇಲೆ ತಯಾರಕರ ಹೆಸರಿನೊಡನೆ, ಅದನ್ನು ಉಳಿಸಿದವರ ಹೆಸರೂ ಕಾಣುವ ದಿನ ಬಂದರೆ, ಮುದಿ ಮೋಟಾರಿನ ಮರುಹುಟ್ಟು ಪೂರ್ಣವಾದಂತೆ.