ಮೂರನೇ ಸಾಲಿಗೂ ಬೆಲೆಯಿದೆ

ಪದವಿ ಮುಗಿಸಿ ಕೆಲಸ ಹುಡುಕುತ್ತಿರುವ ನನಗೆ ರ‍್ಯಾಂಕ್ ಇಲ್ಲ, ಪದಕವೂ ಇಲ್ಲ. ಧೈರ್ಯ ಕೊಟ್ಟಿದ್ದು ಅಮೆರಿಕದ ಐಸ್ ಹಾಕಿ.

ಅಲ್ಲಿನ ಎನ್‌ಎಚ್‌ಎಲ್ ಲೀಗ್‌ನಲ್ಲಿ ತಂಡವೊಂದು ಸಾಮಾನ್ಯವಾಗಿ 12 ಫಾರ್ವರ್ಡ್‌ಗಳನ್ನು ಆಡಿಸುತ್ತದೆ. ಮೂವರಂತೆ ನಾಲ್ಕು ಸಾಲು. ಒಂದು ಸಾಲು ಮುಕ್ಕಾಲು ನಿಮಿಷ ಆಡಿ ದಣಿಯುವಷ್ಟರಲ್ಲಿ ಇನ್ನೊಂದು ಇಳಿಯುತ್ತದೆ. ಗೋಲು ಹೊಡೆಯುವ ತಾರೆಯರು ಮೊದಲೆರಡು ಸಾಲಿನಲ್ಲಿರುತ್ತಾರೆ. ಎದುರಾಳಿ ತಾರೆಯರನ್ನು ಕಟ್ಟಿಹಾಕುವುದು, ಹೊಡೆತಕ್ಕೆ ಮೈಯೊಡ್ಡುವುದು ಹೆಚ್ಚಾಗಿ ಉಳಿದವರ ಪಾಲು.

ಟ್ಯಾಂಪಾ ಬೇ ಲೈಟ್ನಿಂಗ್ ತಂಡ 2018–19ರಲ್ಲಿ 82 ಲೀಗ್ ಪಂದ್ಯಗಳಲ್ಲಿ 62 ಗೆದ್ದಿತು. ಆದರೆ ಪ್ಲೇಆಫ್‌ನ ಮೊದಲ ಸುತ್ತಿನಲ್ಲೇ 4–0ಯಿಂದ ಸೋತಿತು. ತಾರೆಯರಿಗೇನೂ ಕೊರತೆಯಿರಲಿಲ್ಲ. 2020ರ ಫೆಬ್ರುವರಿಯಲ್ಲಿ ತಂಡವು ಬ್ಲೇಕ್ ಕೋಲ್ಮನ್, ಬಾರ್ಕ್ಲೆ ಗುಡ್ರೋ ಅವರನ್ನು ಕರೆತಂದಿತು. ಹೊಸ ಪ್ರತಿಭೆಗಳನ್ನು ಆರಿಸುವ ಡ್ರಾಫ್ಟ್‌ನ ಮೊದಲ ಸುತ್ತಿನ ಅವಕಾಶವನ್ನು ಒಬ್ಬೊಬ್ಬರಿಗೂ ಒಂದೊಂದರಂತೆ ಬಿಟ್ಟುಕೊಟ್ಟಿತು. ಡ್ರಾಫ್ಟ್‌ನಲ್ಲಿ ಯಾರೂ ಆರಿಸದಿದ್ದ ಯಾನಿ ಗೂರ್ಡ್ ಜತೆ ಇವರಿಬ್ಬರು ಸೇರಿ ಮೂರನೇ ಸಾಲಾಯಿತು. 2020, 2021 ಎರಡೂ ವರ್ಷ ಸ್ಟಾನ್ಲಿ ಕಪ್ ಆ ತಂಡದ್ದೇ!

ನಾನೀಗ ಉದ್ಯೋಗದ ಜಾಹೀರಾತು ಓದುವಾಗ ಹುದ್ದೆಯ ಹೆಸರಿಗಿಂತ ಮೊದಲು ಕೆಲಸದ ವಿವರ ನೋಡುತ್ತೇನೆ. ಅಲ್ಲಿ ಯಾವ ಕೆಲಸಕ್ಕೆ ಜನ ಬೇಕಾಗಿದೆ, ಅದನ್ನು ನಾನು ಅಚ್ಚುಕಟ್ಟಾಗಿ ಮಾಡಬಲ್ಲೆನೇ? ಹೌದು ಎನ್ನಿಸಿದರೆ ಅರ್ಜಿ ಹಾಕುತ್ತೇನೆ. ನೀವೂ ಹಾಕಿ.