ಕಟ್ಟಿನೊಳಗೆ ಸೇರಿಕೊಂಡ ಗರಿ

೧೯೬೩ರ ಆಷಾಢದಲ್ಲಿ ಬೆಳ್ತಂಗಡಿಯ ನಮ್ಮ ಮನೆಯಲ್ಲಿ ನಾನು ವಿಷಮಶೀತ ಜ್ವರದಿಂದ ಮಲಗಿದ್ದೆ. ಜನರು ಟೈಫಾಯ್ಡ್ ಎನ್ನುವುದು ಇದನ್ನೇ. ಹನ್ನೊಂದನೆಯ ದಿನ ತಂದೆಯವರು ಸುರಿಯುವ ಮಳೆಯಲ್ಲಿ ಬಂಟ್ವಾಳದ ಪೇಟೆಗೆ ಹೋಗಿ ಕ್ಲೋರೋಮೈಸಿಟಿನ್ ಎಂಬ ಔಷಧದ ಸೀಸೆಯನ್ನು ತಂದರು. ನಾಲ್ಕೈದು ದಿನಗಳಲ್ಲಿ ಜ್ವರ ಇಳಿಯಿತು. ಅಜ್ಜಿ ಅದರ ಕೀರ್ತಿಯನ್ನು ತನ್ನ ಹರಕೆಗೆ ಸಲ್ಲಿಸಿದಳು, ತಂದೆಯವರು ಔಷಧಕ್ಕೆ. ನಾನು ಇಬ್ಬರಿಗೂ ಋಣಿ.

೧೯೯೧ರಲ್ಲಿ ಬಂಟ್ವಾಳದಲ್ಲಿದ್ದ ನನ್ನ ಅಕ್ಕನ ಮಗನಿಗೆ ಅದೇ ಜ್ವರ ಬಂತು. ಒಬ್ಬ ವೈದ್ಯರು ಅದೇ ಔಷಧವನ್ನು ಒಂದು ವಾರ ಕೊಟ್ಟರು. ಜ್ವರ ಕದಲಲಿಲ್ಲ, ಹೊಟ್ಟೆ ಉಬ್ಬಿತು, ಹುಡುಗ ಕನವರಿಸತೊಡಗಿದ. ಎರಡನೆಯ ವೈದ್ಯರು ನೋಡಿ, "ಮಾಷ್ಟ್ರೇ, ಆ ಕಾಲ ಹೋಯಿತು. ಈಗಿನ ಜ್ವರಕ್ಕೆ ಅದೂ ಒಂದೇ, ನೀರೂ ಒಂದೇ" ಎಂದು ಸಿಪ್ರೊಫ್ಲಾಕ್ಸಸಿನ್ ಬರೆದುಕೊಟ್ಟರು. ಹುಡುಗ ಉಳಿದ. ಆದರೆ ಇಪ್ಪತ್ತೆಂಟು ವರ್ಷಗಳಲ್ಲಿ ಆ ಕಣ್ಣಿಗೆ ಕಾಣದ ಜೀವಿ ಇಷ್ಟು ವಿದ್ಯೆಯನ್ನು ಎಲ್ಲಿ ಕಲಿಯಿತು ಎಂಬ ಪ್ರಶ್ನೆ ನನ್ನನ್ನು ಬಿಡಲಿಲ್ಲ.

ನಾನಾಗ ಮೂಡಬಿದಿರೆಯಲ್ಲಿ ಉಪಾಧ್ಯಾಯನಾಗಿದ್ದೆ. ಧವಲಾ ಗ್ರಂಥಗಳ ತಾಳೆಯೋಲೆಗಳನ್ನು ಶತಮಾನಗಳ ಕಾಲ ಕಾಪಾಡಿದ ಊರು ಅದು. ಓಲೆಗಳ ವಿಷಯ ಬಲ್ಲವರಿಗೆ ಪಾಠ ಕೆಡುವ ಎರಡು ಬಗೆ ಗೊತ್ತು. ಪ್ರತಿಕಾರನ ಕೈತಪ್ಪಿನಿಂದ ಒಂದು ಅಕ್ಷರ ಬದಲಾಗಬಹುದು. ಇಲ್ಲವೆ, ಕಟ್ಟು ಕಟ್ಟುವಾಗ ಬೇರೊಂದು ಗ್ರಂಥದ ಗರಿ ಇದರೊಳಗೆ ಸೇರಿಕೊಳ್ಳಬಹುದು. ಬ್ಯಾಕ್ಟೀರಿಯದ ವಂಶವಾಹಿಗಳ ಕಥೆಯೂ ಹೆಚ್ಚುಕಡಿಮೆ ಇಷ್ಟೇ.

ಟೈಫಾಯ್ಡ್ ರೋಗಾಣುವಿನ ಗ್ರಂಥದಲ್ಲಿ ಸುಮಾರು ೪೮ ಲಕ್ಷ ಅಕ್ಷರಗಳುಂಟು. ಪ್ರತಿ ಸಲ ಒಡೆದು ಎರಡಾಗುವಾಗಲೂ ಅಷ್ಟನ್ನೂ ಪ್ರತಿಮಾಡಬೇಕು. ಅಪರೂಪಕ್ಕೆ ಆಗುವ ಕೈತಪ್ಪೇ ಉತ್ಪರಿವರ್ತನೆ. ಇದರ ಫಲ ತಾಯಿಯಿಂದ ಮಗಳಿಗೆ ಇಳಿಯುತ್ತದೆ, ಅಷ್ಟೆ. ಗರಿ ಸೇರುವುದು ಹಾಗಲ್ಲ. ೧೯೪೬ರಲ್ಲಿ ಅಮೆರಿಕದ ಲೆಡರ್‌ಬರ್ಗ್ ಮತ್ತು ಟೇಟಮ್ ಬ್ಯಾಕ್ಟೀರಿಯಗಳು ಪರಸ್ಪರ ಕೂಡಿ ವಂಶವಾಹಿಗಳನ್ನು ದಾಟಿಸುತ್ತವೆಂದು ತೋರಿಸಿದರು. ೧೯೫೯ರಲ್ಲಿ ಜಪಾನಿನವರು ಇನ್ನೊಂದು ಹೆಜ್ಜೆ ಮುಂದೆ ಹೋದರು: ಹಲವು ಔಷಧಗಳಿಗೆ ಒಮ್ಮೆಗೇ ಜಗ್ಗದಿರುವ ಗುಣವು ಆಮಶಂಕೆಯ ರೋಗಾಣುವಿಗೂ ಕರುಳಿನ ಸಾಧುಜೀವಿ ಈ. ಕೋಲಿಗೂ ನಡುವೆ ಕೈಬದಲಾಗುತ್ತದೆಂದು ಕಂಡುಕೊಂಡರು. ಈ ದಾಟುವ ಗರಿಗೆ ಪ್ಲಾಸ್ಮಿಡ್ ಎಂದು ಹೆಸರು. ಜಾತಿಯ ಕಟ್ಟುಪಾಡು ಅದಕ್ಕಿಲ್ಲ.

ನಮ್ಮ ಕರಾವಳಿಗೆ ಈ ಕಥೆ ಬಂದದ್ದು ದಕ್ಷಿಣದಿಂದ. ೧೯೭೨ರಲ್ಲಿ ಕಲ್ಲಿಕೋಟೆಯಲ್ಲಿ ಕ್ಲೋರೋಮೈಸಿಟಿನ್‌ಗೆ ಜಗ್ಗದ ಟೈಫಾಯ್ಡ್ ಹಬ್ಬಿತು. ಅಲ್ಲಿಯ ವೈದ್ಯಕೀಯ ಕಾಲೇಜಿನ ಜಯರಾಂ ಪಣಿಕ್ಕರ್ ಮತ್ತು ವಿಮಲಾ ಅದೇ ವರ್ಷ 'ನೇಚರ್' ಪತ್ರಿಕೆಯಲ್ಲಿ ಬರೆದರು: ಈ ಗುಣ ಬೇರೆ ಬ್ಯಾಕ್ಟೀರಿಯಕ್ಕೆ ದಾಟಬಲ್ಲದು. ಮಂಗಳೂರಿನಲ್ಲಿ ರೈಲು ಹತ್ತಿದರೆ ಅರ್ಧ ದಿನದೊಳಗೆ ಮುಟ್ಟುವ ಊರು ಕಲ್ಲಿಕೋಟೆ! ಮೆಕ್ಸಿಕೊದಲ್ಲಿಯೂ ಅದೇ ವರ್ಷ ಇಂಥದೇ ಜ್ವರ ಸಾವಿರಾರು ಜನರನ್ನು ಹಿಡಿಯಿತು. ಗರಿಯಲ್ಲಿ ಬರೆದಿದ್ದುದು ಒಂದು ಸಣ್ಣ ಉಪಾಯ: ಔಷಧದ ಅಣುವಿಗೆ ಅಸಿಟೈಲ್ ಎಂಬ ತುಣುಕನ್ನು ಅಂಟಿಸಿಬಿಡುವ ಕಿಣ್ವದ ಪಾಠ. ಬಾಲ ಅಂಟಿದ ಔಷಧ ತಾನು ಕೂರಬೇಕಾದ ಜಾಗದಲ್ಲಿ ಕೂರಲಾರದು.

ಇನ್ನೂ ಚೋದ್ಯದ ಸಂಗತಿಯೊಂದುಂಟು. ಇಂಥ ಗರಿಗಳಲ್ಲಿ ಅನೇಕವು ಟೆಟ್ರಾಸೈಕ್ಲಿನ್ ಔಷಧವನ್ನು ಹೊರಕ್ಕೆ ತಳ್ಳುವ ಪಂಪಿನ ಪಾಠವನ್ನೂ ಹೊತ್ತಿರುತ್ತವೆ. ಆ ಪಂಪು ಸದಾ ನಡೆದರೆ ಜೀವಿಗೇ ನಷ್ಟ. ಆದ್ದರಿಂದ ಒಂದು ಪ್ರೋಟೀನು ಆ ವಂಶವಾಹಿಯ ಮೇಲೆ ಕುಳಿತು ಅದನ್ನು ಓದಗೊಡದೆ ಕಾಯುತ್ತದೆ. ಔಷಧ ಒಳಹೊಕ್ಕು ಆ ಕಾವಲುಗಾರನನ್ನೇ ಹಿಡಿದೆಬ್ಬಿಸಿದಾಗ ಪಾಠ ತೆರೆಯುತ್ತದೆ. ನಮ್ಮ ಕಡೆ ಮಳೆ ಬಿದ್ದಾಗಲೇ ಗೋಡೆಯಿಂದ ಓಲೆಕೊಡೆ ಇಳಿಯುತ್ತಿದ್ದಂತೆ.

ಅಕ್ಕನ ಮಗನನ್ನು ಉಳಿಸಿದ ಸಿಪ್ರೊಫ್ಲಾಕ್ಸಸಿನ್ನಿನ ಪಾಡೂ ಸುಖದ್ದಲ್ಲ. ಅದನ್ನು ಕುಂದಿಸಿದ್ದು ಗರಿಯಲ್ಲ, ಕೈತಪ್ಪು. ಗೈರೇಸ್ ಎಂಬ ಕಿಣ್ವದ ೮೩ನೆಯ ಸ್ಥಾನಕ್ಕೆ ಸೇರಿದ ಒಂದೇ ಅಕ್ಷರ ಬದಲಾದರೆ ಔಷಧದ ಹಿಡಿತ ಸಡಿಲುತ್ತದೆ. ೨೦೧೬ರಲ್ಲಿ ಪಾಕಿಸ್ತಾನದ ಸಿಂಧ್ ಪ್ರಾಂತದಲ್ಲಿ ಎದ್ದ ಟೈಫಾಯ್ಡ್ ಇಂಥ ಕೈತಪ್ಪಿನ ಜತೆಗೆ ಹೊಸದೊಂದು ಗರಿಯನ್ನೂ ಪಡೆದಿತ್ತು. ನೆಗಡಿಗೂ ಮಾತ್ರೆ ಕೇಳಿ ನುಂಗುವ ನಮ್ಮ ಅಭ್ಯಾಸವನ್ನು ನೆನೆದಾಗ ನನಗೆ ಸಿಟ್ಟು ಬರುತ್ತದೆ. ನಾನೂ ಎಷ್ಟೋ ಸಲ ಹಾಗೆ ನುಂಗಿದವನೇ.

೨೦೨೩ರಲ್ಲಿ ಮೊಮ್ಮಗಳಿಗೆ ಜ್ವರ ಬಂದಾಗ ರಕ್ತಪರೀಕ್ಷೆಯ ಚೀಟಿಯನ್ನು ನಾನೇ ಓದಿದೆ. ಸಿಪ್ರೊಫ್ಲಾಕ್ಸಸಿನ್ ಎದುರಿಗೆ "ಜಗ್ಗದು" ಎಂದಿತ್ತು. ಕ್ಲೋರಾಂಫೆನಿಕಾಲ್ ಎದುರಿಗೆ "ಜಗ್ಗುವುದು" ಎಂದಿತ್ತು. ಇದು ನನ್ನ ಬಾಲ್ಯದ ಆ ಔಷಧದ್ದೇ ಶಾಸ್ತ್ರೀಯ ಹೆಸರು. ಅದರ ಬಳಕೆ ತಗ್ಗಿದ ಮೇಲೆ ಗರಿ ಹೊತ್ತ ವಂಶಗಳು ನಮ್ಮ ದೇಶದಲ್ಲಿ ಹಿಂದೆ ಸರಿದಿವೆಯಂತೆ. ವೈದ್ಯರು ಅದನ್ನು ಬರೆಯಲಿಲ್ಲ. ಎಲುಬಿನ ಮಜ್ಜೆಗೆ ಅಪರೂಪಕ್ಕಾದರೂ ಅಪಾಯ ಮಾಡುವ ಔಷಧವದು, ಅಜಿತ್ರೋಮೈಸಿನ್ ಸಾಕೆಂದರು. ಮಗು ಒಂದು ವಾರಕ್ಕೆ ಗಂಜಿ ಕೇಳಿದಳು. ಚೀಟಿಯನ್ನು ನಾನು ಇಟ್ಟುಕೊಂಡಿದ್ದೇನೆ.