ವಾರ್ತಾಜಾಲಗಳ ರಕ್ಷಣೆಯಲ್ಲಿ ಮಾರ್ಗಭೇದ

ವಾರ್ತೆಯನ್ನೊಯ್ಯುವ ತಂತಿಗಳು ಅನೇಕವಾಗಿದ್ದರೆ, ಒಂದು ತುಂಡಾದರೂ ಮಿಕ್ಕವು ಕಾರ್ಯವನ್ನು ನಿರ್ವಹಿಸುವುವೆಂದು ಲೋಕದಲ್ಲಿ ನಂಬಿಕೆಯುಂಟು. ಅದು ಎಷ್ಟರಮಟ್ಟಿಗೆ ಯುಕ್ತವೆಂಬುದು ವಿಚಾರಣೀಯವಾಗಿದೆ.

೨೦೦೬ನೆಯ ಡಿಸೆಂಬರ್ ೨೬ರಂದು ತೈವಾನ್ ದ್ವೀಪದ ದಕ್ಷಿಣಭಾಗದಲ್ಲಿ ಭೂಕಂಪವಾಯಿತು. ಅದರಿಂದ ಸಡಿಲಿದ ಕೆಸರು ಸಮುದ್ರತಳದ ಕಣಿವೆಗಳಲ್ಲಿ ಪ್ರವಾಹವಾಗಿ ಹರಿದು, ಲೂಜಾನ್ ಜಲಸಂಧಿಯಲ್ಲಿದ್ದ ೯ ಕೇಬಲುಗಳನ್ನು ತುಂಡರಿಸಿತು. ಅವನ್ನು ಸರಿಪಡಿಸಲು ೧೧ ಹಡಗುಗಳಿಗೆ ೪೯ ದಿನ ಹಿಡಿಯಿತು. ಆ ಕೇಬಲುಗಳಲ್ಲಿ ಸಂಖ್ಯಾಭೇದವಿದ್ದಿತು, ಸ್ಥಳಭೇದವಿರಲಿಲ್ಲ. ಆದುದರಿಂದಲೇ ಒಂದು ಕಾರಣವು ಎಲ್ಲಕ್ಕೂ ನಾಶಹೇತುವಾಯಿತು.

ಇದರ ಪರೀಕ್ಷಾಕ್ರಮವು ಹೀಗೆ: ಒದಗಬಹುದಾದ ವಿಪತ್ತಿನ ವ್ಯಾಪ್ತಿಯನ್ನು ಒಂದು ವೃತ್ತವೆಂದು ಕಲ್ಪಿಸಿ, ಅದನ್ನು ಭೂಪಟದ ಮೇಲೆ ಎಲ್ಲೆಡೆಯೂ ಸರಿಸುತ್ತ, ಅದರೊಳಗೆ ಬಿದ್ದ ತಂತಿಗಳನ್ನೂ ಕೇಂದ್ರಗಳನ್ನೂ ಇಲ್ಲವೆಂದೇ ಎಣಿಸಬೇಕು. ವೃತ್ತದ ಹೊರಗಿನ ಊರುಗಳಿಗೆ ಪರಸ್ಪರ ಸಂಪರ್ಕವು ಎಲ್ಲಿ ತಪ್ಪುವುದೋ ಅಲ್ಲಿಯೇ ಜಾಲದ ದೋಷವಿರುವುದು. ಹಳೆಯ ತಂತಿಯ ಮಗ್ಗುಲಲ್ಲಿ ಮತ್ತೊಂದನ್ನು ಹಾಕುವುದರಿಂದ ಆ ದೋಷವು ಪರಿಹಾರವಾಗದು. ಎರಡನೆಯ ಮಾರ್ಗವು ಮೊದಲನೆಯದರಿಂದ ಆ ವೃತ್ತದ ವ್ಯಾಸಕ್ಕಿಂತ ಹೆಚ್ಚು ದೂರದಲ್ಲಿ ಸಾಗಬೇಕು. ಕೊನೆಯಲ್ಲಿ ಎರಡೂ ಒಂದೇ ಕಟ್ಟಡವನ್ನು ಸೇರಿದರೆ ನಡುವಣ ಅಂತರವೂ ವ್ಯರ್ಥವೇ ಸರಿ.

ಬಳಸುದಾರಿಗೆ ವೆಚ್ಚವು ಅಧಿಕವಲ್ಲವೆ ಎಂದರೆ, ಅಹುದು. ಆದರೆ ೨೦೨೨ನೆಯ ಜನವರಿ ೧೫ರಂದು ಸಮುದ್ರದಲ್ಲಿ ಜ್ವಾಲಾಮುಖಿಯು ಸ್ಫೋಟಿಸಿ, ಟೋಂಗಾ ದ್ವೀಪರಾಜ್ಯವನ್ನು ಹೊರಲೋಕಕ್ಕೆ ಕೂಡಿಸುತ್ತಿದ್ದ ಏಕಮಾತ್ರ ಕೇಬಲು ಕಡಿದುಹೋಯಿತು. ಅದು ಮತ್ತೆ ಕೂಡಲು ಸುಮಾರು ಐದು ವಾರ ಬೇಕಾಯಿತು. ನೆರವನ್ನು ಕೂಗಿ ಕರೆಯಬೇಕಾದ ಹೊತ್ತಿನಲ್ಲಿಯೇ ಕೊರಳು ಕಟ್ಟಿದಂತಾಯಿತು. ವಿಪತ್ಕಾಲದಲ್ಲಿ ಒದಗದ ಜಾಲವು, ಮಿಕ್ಕ ಕಾಲದಲ್ಲಿ ಎಷ್ಟು ಸಮರ್ಥವಾಗಿದ್ದರೂ, ಅಪೂರ್ಣವೆಂದೇ ಹೇಳಬೇಕು.